ಇಂಗ್ಲಿಷಿನ ಬಿಸಿಲು

(ಮಾತಾಡುವವರು ಇಬ್ಬರು: ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಅವರ ಬಳಿ ಓದಿ ಈಗ ಕನ್ನಡ ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿರುವ ಪತ್ರಕರ್ತೆ.)

ಪತ್ರಕರ್ತೆ: ಮೇಷ್ಟ್ರೇ, ಬೇಸಿಗೆ ಬಂತೆಂದರೆ ಇಂಗ್ಲಿಷ್ ಸುದ್ದಿಸಂಸ್ಥೆಗಳ ವರದಿಗಳಲ್ಲಿ ವಿಶೇಷಣಗಳ ಜಾತ್ರೆಯೇ ನೆರೆಯುತ್ತದೆ. ಸ್ಕಾರ್ಚಿಂಗ್, ಸಿಜ್ಲಿಂಗ್, ಬ್ಲಿಸ್ಟರಿಂಗ್, ಸ್ವೆಲ್ಟರಿಂಗ್, ಸಾಲದ್ದಕ್ಕೆ ರೋಸ್ಟಿಂಗ್, ಬೇಕಿಂಗ್. ಡೆಸ್ಕಿನಲ್ಲಿ ಕೂತ ನಾವು ಎಲ್ಲಕ್ಕೂ ‘ರಣಬಿಸಿಲು’ ಅಂತಲೋ ‘ಬಿಸಿಲ ಬೇಗೆ’ ಅಂತಲೋ ಬರೆದು ಮುಂದಿನ ಸುದ್ದಿಗೆ ಹೋಗುತ್ತೇವೆ. ಒಂದು ಕಡೆ ಸಂಕೋಚ, ಇನ್ನೊಂದು ಕಡೆ ಆಶ್ಚರ್ಯ. ವರ್ಷದ ಬಹುಪಾಲು ಕೋಟು ತೊಟ್ಟು ತಿರುಗುವ ಜನ ಸೆಕೆಗೆ ಇಷ್ಟೊಂದು ಮಾತು ಎಲ್ಲಿಂದ ತಂದರು?

ಮೇಷ್ಟ್ರು: ಎಣಿಕೆ ನೋಡಿ ಬೆರಗಾಗಬೇಡಮ್ಮ, ಆ ಮಾತುಗಳು ಏನು ಹೇಳುತ್ತವೆ ಅಂತ ನೋಡು. ಬಾಯ್ಲಿಂಗ್, ರೋಸ್ಟಿಂಗ್, ಬೇಕಿಂಗ್, ಸಿಜ್ಲಿಂಗ್, ನಾಲ್ಕೂ ಅಡುಗೆಮನೆಯಿಂದ ಬಂದವು. ಕುದಿಸುವುದು, ಹುರಿಯುವುದು, ಒಲೆಯೊಳಗೆ ಬೇಯಿಸುವುದು, ಕಾದ ಕಾವಲಿಯ ಮೇಲೆ ಚುರ್ರೆನ್ನಿಸುವುದು. ಅಡುಗೆಯಲ್ಲಿ ಕುದಿಸುವುದಕ್ಕೂ ಹುರಿಯುವುದಕ್ಕೂ ದೊಡ್ಡ ವ್ಯತ್ಯಾಸ, ಒಂದರಲ್ಲಿ ನೀರಿದೆ, ಇನ್ನೊಂದರಲ್ಲಿ ಇಲ್ಲ. ಹವೆಯ ಮಾತಿಗೆ ಬಂದಕೂಡಲೇ ಆ ವ್ಯತ್ಯಾಸ ಆವಿಯಾಗಿಹೋಗುತ್ತದೆ. ಇಂಗ್ಲಿಷಿನವನು ಒಣಬಿಸಿಲಿನ ದಿನವೂ ಬಾಯ್ಲಿಂಗ್ ಅನ್ನುತ್ತಾನೆ, ಮೈಗೆ ಅಂಗಿ ಅಂಟಿಕೊಳ್ಳುವ ದಿನವೂ ರೋಸ್ಟಿಂಗ್ ಅನ್ನುತ್ತಾನೆ. ಎಲ್ಲವೂ ಒಂದೇ ಏಣಿಯ ಮೆಟ್ಟಿಲುಗಳು. ಕೆಳಗೆ ವಾರ್ಮ್, ಅದರ ಮೇಲೆ ಹಾಟ್, ಆಮೇಲೆ ಈ ಬಾಯ್ಲಿಂಗ್ ಪರಿವಾರ. ಎಷ್ಟು ಬಿಸಿ ಎಂಬುದಕ್ಕೆ ಹತ್ತು ಮಾತು, ಎಂಥ ಬಿಸಿ ಎಂಬುದಕ್ಕೆ ಹುಡುಕಬೇಕು. ನನ್ನ ವಾದ ಇಷ್ಟೇ: ತಣ್ಣನೆಯ ದ್ವೀಪದಲ್ಲಿ ಗೊಣಗುವುದಕ್ಕೂ ಖುಷಿಪಡುವುದಕ್ಕೂ ಹುಟ್ಟಿದ ಈ ಮಾತುಗಳು ಅಪಾಯ ತಿಳಿಸುವ ಕೆಲಸಕ್ಕೆ ಒದಗುವುದಿಲ್ಲ. ಆ ಕೆಲಸದ ಮಾತುಗಳನ್ನು ಇಂಗ್ಲಿಷಿನಲ್ಲಿ ಸೈನಿಕರು, ವೈದ್ಯರು, ಹವಾಮಾನದವರು ಬಹಳ ತಡವಾಗಿ ಕಟ್ಟಬೇಕಾಯಿತು. ಪತ್ರಿಕೆಯ ಶೀರ್ಷಿಕೆಯಲ್ಲಿ ಮಾತ್ರ ಇವತ್ತಿಗೂ ಹಳೆಯ ಏಣಿಯೇ. ನಾವು ಕನ್ನಡದವರು ಅದನ್ನೇ ಹೊತ್ತು ತಂದು ನಮ್ಮ ಗೋಡೆಗೆ ಆನಿಸಿದ್ದೇವೆ.

ಪತ್ರಕರ್ತೆ: ಖುಷಿಪಡುವುದಕ್ಕೆ ಅಂದಿರಿ. ಬಿಸಿಲಿಗೆ ಖುಷಿಪಡುವುದೇ?

ಮೇಷ್ಟ್ರು: ಮತ್ತೆ? ಇಂಗ್ಲಿಷಿನಲ್ಲಿ ವಾರ್ಮ್ ಎಂಬುದು ಒಳ್ಳೆಯ ಗುಣ. ಒಳ್ಳೆಯ ಮನಸ್ಸಿನವರು ವಾರ್ಮ್, ನಗುಮುಖದವರು ಸನ್ನಿ. ನಮ್ಮಲ್ಲಿ ಅಜ್ಜಿ ಹರಸುವಾಗ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅನ್ನುತ್ತಾಳೆ. ಸೂರ್ಯನನ್ನು ಕಾದು ಕೂತವರಿಗೆ ಬಿಸಿಲು ಬಂದ ದಿನ ಹಬ್ಬ. ಬ್ರಿಟನ್ನಿನ ಅಗ್ಗದ ಪತ್ರಿಕೆಗಳ ಬೇಸಿಗೆ ಶೀರ್ಷಿಕೆಯೊಂದು ಹಾಸ್ಯದ ಮಾತೇ ಆಗಿಹೋಗಿದೆ: ‘ಫ್ಯೂ! ವಾಟ್ ಎ ಸ್ಕಾರ್ಚರ್!’ ಅದರ ಕೆಳಗಿನ ಚಿತ್ರ ನೀನೂ ನೋಡಿರುತ್ತೀ: ಕಾರಂಜಿಯಲ್ಲಿ ನೆನೆಯುವ ಮಕ್ಕಳು, ಐಸ್‌ಕ್ರೀಮ್, ಕಡಲತೀರದಲ್ಲಿ ಮೈಯೊಡ್ಡಿ ಮಲಗಿದವರು. ಆ ಶೀರ್ಷಿಕೆಯಲ್ಲಿ ಭಯ ಎಳ್ಳಷ್ಟೂ ಇಲ್ಲ. 2022ರ ಜುಲೈ 19ರಂದು ಲಿಂಕನ್‌ಷೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಆ ದೇಶ 40 ಕಂಡದ್ದು ಅದೇ ಮೊದಲು. ಹಿಂದಿನ ದಿನ ಲೂಟನ್ ವಿಮಾನ ನಿಲ್ದಾಣದ ರನ್‌ವೇ ಮೇಲ್ಮೈ ಎದ್ದು ಬಂದಿತ್ತು. ಲಂಡನ್ ಅಂಚಿನ ವೆನಿಂಗ್ಟನ್ ಹಳ್ಳಿಯಲ್ಲಿ ಮನೆಗಳು ಸುಟ್ಟುಹೋದವು. ಆ ಬೇಸಿಗೆಯ ಬಿಸಿ ದಿನಗಳಲ್ಲಿ ಇಂಗ್ಲೆಂಡಿನ 65 ದಾಟಿದವರಲ್ಲೇ ಸುಮಾರು 2,800 ಹೆಚ್ಚುವರಿ ಸಾವುಗಳಾದವು ಎಂದು ಅಲ್ಲಿನ ಆರೋಗ್ಯ ಭದ್ರತಾ ಸಂಸ್ಥೆ ಲೆಕ್ಕ ಹಾಕಿತು. ಇದೆಲ್ಲ ಆದದ್ದು ಬಿಸಿಲನ್ನು ಸೊಗಸು ಎಂದು ಕರೆಯುವ ಭಾಷೆಯೊಳಗೆ.

ಪತ್ರಕರ್ತೆ: ನೀವು ನಿಮಗೆ ಬೇಕಾದ ಮಾತುಗಳನ್ನಷ್ಟೇ ಆರಿಸಿಕೊಂಡಿರಿ. ಮಗ್ಗಿ ಇದೆ, ಸಲ್ಟ್ರಿ ಇದೆ, ಕ್ಲೋಸ್ ಇದೆ. ಮೂರೂ ಹೇಳುವುದು ತೇವ ತುಂಬಿದ, ಗಾಳಿಯಾಡದ ಸೆಕೆಯನ್ನೇ. ಎಂಥ ಬಿಸಿ ಎಂಬುದನ್ನು ಇಂಗ್ಲಿಷ್ ಹೇಳುವುದಿಲ್ಲ ಅಂದರೆ ಹೇಗೆ ಒಪ್ಪಲಿ? ಇನ್ನು ಸ್ವೆಲ್ಟರ್. ನೀವೇ ತರಗತಿಯಲ್ಲಿ ಹೇಳಿದ್ದಿರಿ, ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಕ್ಕೆ ‘ಸಾಯು’ ಎಂಬ ಅರ್ಥ ಅಂತ. ಸಾವಿನ ಎಚ್ಚರ ಪದದೊಳಗೇ ಕೂತಿದೆಯಲ್ಲ.

ಮೇಷ್ಟ್ರು: ಕೂತಿತ್ತು, ಈಗ ಎದ್ದುಹೋಗಿದೆ. ಸ್ವೆಲ್ಟರಿಂಗ್ ಎಂದು ಬರೆಯುವ ಯಾವ ವರದಿಗಾರನ ಕಿವಿಗೂ ಸಾವು ಕೇಳಿಸುವುದಿಲ್ಲ. ನಿಘಂಟಿನ ತಳದಲ್ಲಿರುವ ಅರ್ಥ ಯಾರ ಪ್ರಾಣವನ್ನೂ ಕಾಯುವುದಿಲ್ಲ. ನೀನು ಹೇಳಿದ ಮೂರು ಮಾತಿನ ವಿಷಯ ಬೇರೆ, ಅವು ನಿಜವಾಗಿಯೂ ತೂಕದ ಮಾತುಗಳು, ಒಪ್ಪಿದೆ. ಆದರೆ ಅವುಗಳ ಗತಿ ಏನಾಗಿದೆ ನೋಡು. ಕ್ಲೋಸ್ ಎನ್ನುವುದು ಬ್ರಿಟನ್ನಿನ ಮುದುಕರ ಬಾಯಲ್ಲಿ ಉಳಿದಿದೆ. ಸಲ್ಟ್ರಿ ಸಿನಿಮಾ ನಟಿಯರ ಕಂಠಕ್ಕೆ ವಿಶೇಷಣವಾಗಿ ಹೋಯಿತು. ಮಗ್ಗಿ ಎಂದರೆ ಕಿರಿಕಿರಿ, ಅದಕ್ಕಿಂತ ಹೆಚ್ಚೇನಿಲ್ಲ. ಏಣಿಯ ಲೆಕ್ಕದಲ್ಲಿ ಈ ಮೂರೂ ಕೆಳಗಿನ ಮೆಟ್ಟಿಲು: ಸ್ಕಾರ್ಚಿಂಗ್ ಅಂದರೆ ಜೋರು, ಮಗ್ಗಿ ಅಂದರೆ ಬರೀ ಹಿಂಸೆ. ದೇಹದ ಲೆಕ್ಕದಲ್ಲಿ ಎಷ್ಟೋ ದಿನ ಇದು ತಿರುಗುಮುರುಗು. 1979ರಲ್ಲಿ ಆರ್. ಜಿ. ಸ್ಟೆಡ್‌ಮನ್ ಎಂಬ ವಿಜ್ಞಾನಿ ತಾಪಮಾನ ಮತ್ತು ತೇವಾಂಶ ಎರಡೂ ಕೂಡಿದರೆ ಮೈಗೆ ಎಷ್ಟು ಬಿಸಿ ಅನ್ನಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದು ಪ್ರಬಂಧ ಬರೆದರು. ಅದರ ಶೀರ್ಷಿಕೆಯಲ್ಲಿ ಇದ್ದದ್ದು ಈ ಸಲ್ಟ್ರಿಯ ನಾಮರೂಪವೇ, ಸಲ್ಟ್ರಿನೆಸ್. ಜನರ ಬಳಕೆಗೆ ಬರುವಾಗ ಅದೇ ಲೆಕ್ಕ ‘ಹೀಟ್ ಇಂಡೆಕ್ಸ್’ ಆಯಿತು. ಒಳ್ಳೆಯ ಹಳೆಯ ಮಾತು ಕೈಯಳತೆಯಲ್ಲೇ ಇತ್ತು, ಆದರೆ ಅಷ್ಟು ಹೊತ್ತಿಗೆ ಅದನ್ನು ಎಚ್ಚರಿಕೆಯ ಮಾತಾಗಿ ಕೇಳುವ ಕಿವಿ ಉಳಿದಿರಲಿಲ್ಲ.

ಪತ್ರಕರ್ತೆ: ಹೆಸರು ಯಾವುದಾದರೇನು, ಲೆಕ್ಕ ಸರಿಯಿದ್ದರೆ ಸಾಕಲ್ಲವೇ?

ಮೇಷ್ಟ್ರು: ಹೆಸರಿಗೆ ಜಗಳವಾಡಿದವರು ನಾವಲ್ಲ, ವ್ಯಾಪಾರಿಗಳು! 1959ರಲ್ಲಿ ಅಮೆರಿಕದ ಹವಾಮಾನ ಇಲಾಖೆ ಇಂಥದೇ ಒಂದು ಅಂಕಿಯನ್ನು ಪ್ರಕಟಿಸಲು ಶುರುಮಾಡಿ ‘ಡಿಸ್‌ಕಂಫರ್ಟ್ ಇಂಡೆಕ್ಸ್’ ಎಂದು ಕರೆಯಿತು. ನೇರವಾದ ಹೆಸರು, ಯಾರಿಗೂ ಅರ್ಥವಾಗುವಂಥದು. ಪ್ರವಾಸಿಗರನ್ನು ನಂಬಿದ ಊರುಗಳವರು ತಕರಾರು ತೆಗೆದರು. ನಮ್ಮೂರಿನ ಹೆಸರಿನ ಮುಂದೆ ದಿನಾ ಸಂಕಟದ ಅಂಕಿ ಹಾಕಿದರೆ ಯಾರು ಬಂದಾರು ಎಂಬುದು ಅವರ ದೂರು. ಇಲಾಖೆ ಅದನ್ನು ‘ಟೆಂಪರೇಚರ್ ಹ್ಯುಮಿಡಿಟಿ ಇಂಡೆಕ್ಸ್’ ಎಂದು ಬದಲಿಸಿತು. ಲೆಕ್ಕ ಕೂದಲೆಳೆಯಷ್ಟೂ ಬದಲಾಗಲಿಲ್ಲ, ಅಂಕಿ ಯಾರಿಗೂ ಏನೂ ಹೇಳದ ಹಾಗಾಯಿತು ಅಷ್ಟೆ. ಹೆಸರಿನಿಂದ ಏನೂ ಆಗುವುದಿಲ್ಲ ಎಂದು ಅವರಿಗೆ ಅನ್ನಿಸಿದ್ದರೆ ಸುಮ್ಮನೆ ಕೂರುತ್ತಿದ್ದರು.

ಪತ್ರಕರ್ತೆ: ತಣ್ಣನೆಯ ದ್ವೀಪ ಎಂಬ ವಾದಕ್ಕೇ ಬರುತ್ತೇನೆ. ಇಂಗ್ಲಿಷ್ ಆ ದ್ವೀಪದಲ್ಲೇ ಕೂರಲಿಲ್ಲವಲ್ಲ. ಕಲ್ಕತ್ತಾದಲ್ಲಿ, ಮದರಾಸಿನಲ್ಲಿ, ಬಳ್ಳಾರಿಯ ದಂಡಿನಲ್ಲಿ ತಲೆಮಾರುಗಟ್ಟಲೆ ಬೆಂದವರು ಅವರು. ಅಲ್ಲಿ ಕಲಿತದ್ದು ಭಾಷೆಗೆ ಇಳಿಯಲಿಲ್ಲವೇ?

ಮೇಷ್ಟ್ರು: ಇಳಿಯಿತು, ಆದರೆ ಯಾವುದು ಇಳಿಯಿತು ಎಂಬುದೇ ಸ್ವಾರಸ್ಯ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಹೊರತಂದ ‘ಹಾಬ್ಸನ್-ಜಾಬ್ಸನ್’ ನಿಘಂಟನ್ನು ತೆರೆದರೆ ಸೆಕೆಗೆ ಸಂಬಂಧಿಸಿದ ಎಂಥೆಂಥ ಮಾತುಗಳು! ತೊಲೆಗೆ ಕಟ್ಟಿ ಹಗ್ಗದಿಂದ ಎಳೆಯುವ ಪಂಖಾ. ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಟ್ಟಿ, ಅವರ ಬಾಯಲ್ಲಿ ಟ್ಯಾಟಿ. ಒದ್ದೆ ತಟ್ಟಿಗೆ ಬೀಸಣಿಗೆ ಜೋಡಿಸಿ ಕಿಟಕಿಗೆ ಕೂರಿಸಿದ ಥರ್ಮಾಂಟಿಡೋಟ್ ಎಂಬ ಯಂತ್ರ, ಇವತ್ತಿನ ಏರ್ ಕೂಲರಿನ ಮುತ್ತಾತ. ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಹೊಟ್ಟಿನಲ್ಲಿ ಹುದುಗಿಸಿ 1833ರಲ್ಲಿ ಹಡಗಿನಲ್ಲಿ ಕಲ್ಕತ್ತಾಕ್ಕೆ ತಂದರು. 1864ರಿಂದ ಬೇಸಿಗೆಯ ರಾಜಧಾನಿಯೇ ಸಿಮ್ಲಾಕ್ಕೆ ಹೋಯಿತು, ಹಿಲ್ ಸ್ಟೇಷನ್ ಎಂಬ ಮಾತು ಬೇರೂರಿತು. ಇವೆಲ್ಲವೂ ಸೆಕೆಯಿಂದ ತಪ್ಪಿಸಿಕೊಳ್ಳುವ ಮಾತುಗಳು. ಹಗ್ಗ ಎಳೆಯುವವನ ಮೈಗೆ ಏನಾಗುತ್ತದೆ ಎನ್ನುವುದಕ್ಕೆ ಒಂದೂ ಮಾತು ಹುಟ್ಟಲಿಲ್ಲ, ಅವನಿಗೆ ಪಂಖಾವಾಲ ಎಂಬ ಹೆಸರು ಮಾತ್ರ ಸಿಕ್ಕಿತು. ಉತ್ತರದ ಬಿಸಿಗಾಳಿ ‘ಲೂ’ ಕೂಡ ಇಂಗ್ಲಿಷ್ ನಿಘಂಟು ಸೇರಿದೆ, ಆದರೆ ಬ್ರಿಟನ್ನಿನಲ್ಲಿ ಆ ಶಬ್ದಕ್ಕೆ ಪಾಯಿಖಾನೆ ಎಂಬ ಅರ್ಥ ಗಟ್ಟಿಯಾಗಿ ಕೂತಿರುವುದರಿಂದ ಅದು ಅಲ್ಲಿ ಗಂಭೀರವಾಗಿ ಬದುಕುವ ಆಸೆಯಿಲ್ಲ. ಇನ್ನು ನಮ್ಮವರು ಆಗಾಗ ಮೇ ತಿಂಗಳಿಗೆ ಅಂಟಿಸುವ ‘ಇಂಡಿಯನ್ ಸಮ್ಮರ್’ ನಮ್ಮದಲ್ಲವೇ ಅಲ್ಲ. ಅದು 18ನೇ ಶತಮಾನದ ಅಮೆರಿಕದಲ್ಲಿ ಹುಟ್ಟಿದ್ದು, ಚಳಿಗಾಲಕ್ಕೆ ಮುಂಚೆ ಬರುವ ನಾಲ್ಕು ಹಿತವಾದ ದಿನಗಳ ಹೆಸರು.

ಪತ್ರಕರ್ತೆ: ಸನ್‌ಸ್ಟ್ರೋಕ್ ಮರೆತಿರಿ. ಅದು ಅಪಾಯದ ಮಾತೇ, ಹಳೆಯದೂ ಹೌದು.

ಮೇಷ್ಟ್ರು: ಮರೆತಿಲ್ಲ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ನನ್ನ ವಾದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಸೂರ್ಯ ಹೊಡೆದ ಏಟು ಎಂದು ಆ ಮಾತು ಹೇಳುತ್ತದೆ. ಏಟು ಮೇಲಿನಿಂದ ಬೀಳುವುದಾದರೆ ತಲೆ ಮುಚ್ಚಬೇಕು, ಬೆನ್ನುಹುರಿ ಮುಚ್ಚಬೇಕು. ಸೋಲಾ ಟೋಪಿ ಬಂದದ್ದು ಹಾಗೆ. ಬೆನ್ನಿಗೆ ದಪ್ಪ ಬಟ್ಟೆಯ ಪಟ್ಟಿಯನ್ನೂ ಕಟ್ಟಿಕೊಂಡರು. ಸೆಕೆಯಲ್ಲಿ ಇನ್ನೊಂದು ಪದರ ಬಟ್ಟೆ! ಸೂರ್ಯಕಿರಣ ತಲೆಬುರುಡೆ ತೂರಿ ಮಿದುಳಿಗೆ ಹಾನಿಮಾಡುತ್ತದೆ ಎಂಬ ನಂಬಿಕೆ ಹೆಚ್ಚುಕಡಿಮೆ ಎರಡನೇ ಮಹಾಯುದ್ಧದವರೆಗೂ ಉಳಿಯಿತು. ನಿಜಕ್ಕೂ ಆಗುವುದೇನು? ದೇಹ ತನ್ನೊಳಗೆ ಹುಟ್ಟುವ ಮತ್ತು ಹೊರಗಿನಿಂದ ಬರುವ ಬಿಸಿಯನ್ನು ಹೊರಹಾಕಲಾರದೆ ಒಳಗಿನ ತಾಪ 40 ಡಿಗ್ರಿ ದಾಟುತ್ತದೆ, ಮನುಷ್ಯ ತೊದಲುತ್ತಾನೆ, ದಿಕ್ಕುತಪ್ಪುತ್ತಾನೆ, ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ಬಿಸಿಲೇ ಬೇಕೆಂದಿಲ್ಲ. ನೆರಳಿನಲ್ಲಿ, ಬ್ಯಾರಕ್ಕಿನೊಳಗೆ, ನಡುರಾತ್ರಿಯಲ್ಲಿ ಆಗಬಹುದು. ಏಣಿಯ ಭಾಷೆಗೆ ಸೂರ್ಯ ಮಾತ್ರ ಕಾಣುತ್ತಾನೆ, ಅದರ ಕಣ್ಣಿಗೆ ರಾತ್ರಿ ಬೀಳುವುದೇ ಇಲ್ಲ.

ಪತ್ರಕರ್ತೆ: ರಾತ್ರಿಗೂ ಪದ ಬಂದಿದೆಯಲ್ಲ. ನಮ್ಮ ಭಾರತೀಯ ಹವಾಮಾನ ಇಲಾಖೆಯೇ ‘ವಾರ್ಮ್ ನೈಟ್’ ಎಂಬ ಎಚ್ಚರಿಕೆ ಕೊಡುತ್ತದೆ. ಹಗಲು 40 ಮುಟ್ಟಿದ ಕಡೆ ರಾತ್ರಿಯ ಕನಿಷ್ಠ ತಾಪಮಾನ ವಾಡಿಕೆಗಿಂತ 4.5 ಡಿಗ್ರಿಯೋ ಅದಕ್ಕೂ ಹೆಚ್ಚೋ ಮೇಲಿದ್ದರೆ ಆ ಹೆಸರು. ಯುರೋಪಿನವರು 20 ಡಿಗ್ರಿಗಿಂತ ಕೆಳಗಿಳಿಯದ ರಾತ್ರಿಗೆ ‘ಟ್ರಾಪಿಕಲ್ ನೈಟ್’ ಅನ್ನುತ್ತಾರೆ.

ಮೇಷ್ಟ್ರು: ಆ ಎರಡು ಹೆಸರನ್ನೂ ಒಬ್ಬ ಸಾಮಾನ್ಯ ಇಂಗ್ಲಿಷ್ ಓದುಗನ ಮುಂದೆ ಇಡು. ವಾರ್ಮ್ ನೈಟ್ ಅಂದರೆ ಅಂಗಳದಲ್ಲಿ ಕುರ್ಚಿ ಹಾಕಿ ಕೂರುವ ಹಿತವಾದ ಇರುಳು. ಟ್ರಾಪಿಕಲ್ ನೈಟ್ ಅಂದರೆ ಮಧುಚಂದ್ರದ ಜಾಹೀರಾತು. ಹಗಲೆಲ್ಲ ಬಸವಳಿದ ದೇಹಕ್ಕೆ ಚೇತರಿಸಿಕೊಳ್ಳಲು ಸಮಯ ಸಿಗದ ರಾತ್ರಿ ಅದು. ಕಾದ ತಾರಸಿಯ ಕೆಳಗೆ ಹೃದ್ರೋಗಿಯೊಬ್ಬನ ಎದೆ ರಾತ್ರಿಯಿಡೀ ಓಡುತ್ತಲೇ ಇರುತ್ತದೆ. ವಿಜ್ಞಾನಿಗಳಿಗೆ ಇದು ಗೊತ್ತು. ಅವರು ಹೆಸರಿಡಲು ಹೋದಾಗ ಕೈಗೆ ಸಿಕ್ಕಿದ್ದು ಆ ಏಣಿಯ ಕೆಳಗಿನ ಮೆಟ್ಟಿಲು.

ಪತ್ರಕರ್ತೆ: ಈಗ ನನ್ನ ದೊಡ್ಡ ಆಕ್ಷೇಪ. ಪದಗಳು ಯಾರನ್ನೂ ಕೊಲ್ಲುವುದಿಲ್ಲ, ಉಳಿಸುವುದೂ ಇಲ್ಲ. 1995ರ ಜುಲೈನಲ್ಲಿ ಷಿಕಾಗೋದಲ್ಲಿ ಒಂದೇ ವಾರದಲ್ಲಿ 739 ಹೆಚ್ಚುವರಿ ಸಾವುಗಳಾದವು. ಶವಗಳನ್ನು ಶೀತಲ ಲಾರಿಗಳಲ್ಲಿ ಇಡಬೇಕಾಯಿತು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಒಂಟಿ ಮುದುಕರು, ಬಡವರ ಕೇರಿಗಳು, ಕಳ್ಳರ ಭಯಕ್ಕೆ ಮುಚ್ಚಿದ ಕಿಟಕಿಗಳು, ಬಾಗಿಲು ತಟ್ಟಿ ವಿಚಾರಿಸುವವರು ಇಲ್ಲದ ಬೀದಿಗಳು ಸಾವಿಗೆ ಕಾರಣ ಎಂದು ತೋರಿಸಿದರು. ಇಂಗ್ಲಿಷಿನ ವಿಶೇಷಣ ಸರಿಯಿದ್ದಿದ್ದರೆ ಅವರು ಬದುಕುತ್ತಿದ್ದರೇ? ನೀವು ಬಡತನದ ತಪ್ಪನ್ನು ನಿಘಂಟಿನ ತಲೆಗೆ ಕಟ್ಟುತ್ತಿದ್ದೀರಿ.

ಮೇಷ್ಟ್ರು: ಕಟ್ಟುತ್ತಿಲ್ಲ. ಪದವೊಂದು ಸರಿಯಾದರೆ ಬಡವನ ಮನೆಯ ಕಿಟಕಿ ತೆರೆದುಕೊಳ್ಳುತ್ತದೆ ಎಂದು ನಾನು ಹೇಳಿದರೆ ನೀನು ನಗಬೇಕು. ಆದರೆ ಅದೇ ಷಿಕಾಗೋದಲ್ಲಿ ಇನ್ನೊಂದು ಜಗಳ ನಡೆಯಿತು, ಅದನ್ನೂ ಹೇಳು. ಸತ್ತವರನ್ನು ಪರೀಕ್ಷಿಸಿದ ಮುಖ್ಯ ವೈದ್ಯಾಧಿಕಾರಿ ಇವು ಬಿಸಿಯಿಂದಾದ ಸಾವುಗಳು ಎಂದರು, ಮೇಯರ್ ಆ ಲೆಕ್ಕವನ್ನೇ ಪ್ರಶ್ನಿಸಿದರು. ಮುದುಕರು ಹೇಗೂ ಸಾಯುತ್ತಾರೆ, ಹೃದಯ ನಿಂತು ಸತ್ತವನನ್ನು ಬಿಸಿಲಿನ ಲೆಕ್ಕಕ್ಕೆ ಬರೆಯುವುದು ಹೇಗೆ ಎಂಬ ಧಾಟಿ. ಬಿರುಗಾಳಿ ಬಂದರೆ ಮುರಿದ ಮರ ಕಾಣುತ್ತದೆ, ಪ್ರವಾಹ ಬಂದರೆ ನೀರು ಕಾಣುತ್ತದೆ. ಬಿಸಿ ಏನನ್ನೂ ಬಿಟ್ಟುಹೋಗುವುದಿಲ್ಲ, ಮರಣ ಪ್ರಮಾಣಪತ್ರದಲ್ಲಿ ಹೃದಯಾಘಾತ ಎಂದೋ ಮೂತ್ರಪಿಂಡ ವೈಫಲ್ಯ ಎಂದೋ ಇರುತ್ತದೆ. ಹಾಗಾಗಿ ಉಳಿದ ವಿಪತ್ತುಗಳಿಗಿಂತ ಇದಕ್ಕೆ ಮಾತಿನ ಅಗತ್ಯ ಹೆಚ್ಚು. ಹೆಸರಿಲ್ಲದ್ದು ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದ್ದಕ್ಕೆ ಬಜೆಟ್ಟಿನಲ್ಲಿ ಹಣ ಇಡುವುದಿಲ್ಲ. ನಮ್ಮ ಅಹಮದಾಬಾದನ್ನು ನೋಡು. 2010ರ ಮೇ ತಿಂಗಳಲ್ಲಿ ಅಲ್ಲಿ ತಾಪಮಾನ 46.8 ಮುಟ್ಟಿತು. ಆಮೇಲೆ ಸಂಶೋಧಕರು ಆ ತಿಂಗಳ ಸಾವುಗಳನ್ನು ಹಿಂದಿನ ವರ್ಷಗಳ ಜತೆ ಇಟ್ಟು ನೋಡಿ ‘ಹೆಚ್ಚುವರಿ ಸಾವು’ 1,344 ಎಂದರು. ಆ ಎರಡು ಶಬ್ದ, ಆ ಒಂದು ಅಂಕಿ ಸಿಕ್ಕ ಮೇಲೆ 2013ರಲ್ಲಿ ನಗರಪಾಲಿಕೆಯ ಹೀಟ್ ಆಕ್ಷನ್ ಪ್ಲಾನ್ ಬಂತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಕೆಂಡದಂಥ ಬಿಸಿಲು ಎಂದು ಎಷ್ಟು ವರ್ಷ ಬರೆದಿದ್ದರೂ ಅಂಥ ಯೋಜನೆ ಬರುತ್ತಿರಲಿಲ್ಲ.

ಪತ್ರಕರ್ತೆ: ಸರಿ. ಹಾಗಾದರೆ ಬೇಕಾದ ಮಾತು ಯಾವುದು? ವೆಟ್ ಬಲ್ಬ್, ಫೀಲ್ಸ್ ಲೈಕ್, ಹೀಟ್ ಇಂಡೆಕ್ಸ್, ಹ್ಯುಮಿಡೆಕ್ಸ್… ಇವು ಯಾರಿಗೆ ಅರ್ಥವಾಗುತ್ತವೆ? ರಣಬಿಸಿಲು ಅಂದರೆ ಹೊಲದಲ್ಲಿರುವವರಿಗೂ ಗೊತ್ತಾಗುತ್ತದೆ. ವೆಟ್ ಬಲ್ಬ್ ಅಂದರೆ ನಮ್ಮ ಸಂಪಾದಕರಿಗೇ ಗೊತ್ತಾಗುವುದಿಲ್ಲ.

ಮೇಷ್ಟ್ರು: ಹೆಸರು ಒರಟು, ವಸ್ತು ಸರಳ. ಹವಾಮಾನ ಕೇಂದ್ರದ ಆವರಣದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ ಇರುತ್ತದೆ, ನಾಲ್ಕೂ ಬದಿಗೆ ಗಾಳಿಯಾಡುವ ಪಟ್ಟಿಗಳು. ಅದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆ ಎನ್ನುತ್ತಾರೆ. ರೂಪಿಸಿದವರು ಕಾದಂಬರಿಕಾರ ಆರ್. ಎಲ್. ಸ್ಟೀವನ್‌ಸನ್ನರ ತಂದೆ, ದೀಪಸ್ತಂಭಗಳ ಎಂಜಿನಿಯರ್. ಒಳಗೆ ಎರಡು ಉಷ್ಣಮಾಪಕಗಳು ನೆಟ್ಟಗೆ ನಿಂತಿರುತ್ತವೆ. ಒಂದರ ಬುಡ ಬರಿದು. ಇನ್ನೊಂದರ ಬುಡಕ್ಕೆ ತೆಳು ಮಲ್‌ಮಲ್ ಬಟ್ಟೆ ಸುತ್ತಿ, ಅದರಿಂದ ಇಳಿದ ಬತ್ತಿಯನ್ನು ಪುಟ್ಟ ಬಟ್ಟಲಿನ ನೀರಿಗೆ ಬಿಟ್ಟಿರುತ್ತಾರೆ. ನೀರು ಬಟ್ಟೆಗೆ ಏರುತ್ತದೆ, ಗಾಳಿಗೆ ಆರುತ್ತದೆ, ಆರುತ್ತಾ ಬುಡವನ್ನು ತಂಪು ಮಾಡುತ್ತದೆ. ಗಾಳಿ ಒಣಗಿದ್ದರೆ ಪಾದರಸ ಹತ್ತಾರು ಡಿಗ್ರಿ ಇಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ನೀರು ಆರುವುದಿಲ್ಲ, ಪಾದರಸ ಅಲ್ಲಾಡುವುದಿಲ್ಲ. ಬೆವರುವ ಮೈಯೂ ಮಾಡುವುದು ಇದನ್ನೇ. ಒದ್ದೆ ಬುಡದ ತಾಪ 35 ಡಿಗ್ರಿ ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕೂತ ಆರೋಗ್ಯವಂತನೂ ಕೆಲವೇ ತಾಸಿಗಿಂತ ಹೆಚ್ಚು ತಾಳಲಾರ ಎಂದು 2010ರಲ್ಲಿ ಷೆರ್ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಬರೆದರು. ಆಮೇಲಿನ ಪ್ರಯೋಗಗಳು ಮಿತಿ ಅದಕ್ಕೂ ಕೆಳಗಿದೆ ಎಂದಿವೆ. ಇದನ್ನು ‘ಬೆವರು ಆರದ ಸೆಕೆ’ ಎಂದು ಬರೆದರೆ ನಿನ್ನ ಹೊಲದವರಿಗೆ ಅರ್ಥವಾಗದೇ?

ಪತ್ರಕರ್ತೆ: ಅರ್ಥವಾಗುತ್ತದೆ. ಆದರೆ ಅಂಕಿಯಿಂದ ಏನು ವ್ಯತ್ಯಾಸವಾಗುತ್ತದೆ ಅಂತ ತೋರಿಸಿ.

ಮೇಷ್ಟ್ರು: ಕಲಬುರಗಿಯಲ್ಲಿ ಒಂದು ಮಧ್ಯಾಹ್ನ 40 ಡಿಗ್ರಿ, ತೇವಾಂಶ ಶೇ. 20 ಎಂದಿಟ್ಟುಕೋ. ಮಂಗಳೂರಿನಲ್ಲಿ ಅದೇ ಹೊತ್ತಿಗೆ 34 ಡಿಗ್ರಿ, ತೇವಾಂಶ ಶೇ. 65. ಕಲಬುರಗಿಯ ಒದ್ದೆ ಬುಡ 23 ಡಿಗ್ರಿಯ ಒಳಗೇ ನಿಲ್ಲುತ್ತದೆ, ಮಂಗಳೂರಿನದು 28 ದಾಟುತ್ತದೆ. ಸ್ಟೆಡ್‌ಮನ್ ಲೆಕ್ಕದಿಂದ ಬೆಳೆದ ಹೀಟ್ ಇಂಡೆಕ್ಸ್ ಪ್ರಕಾರ ಕಲಬುರಗಿಯವನ ಮೈಗೆ 40ರೊಳಗೇ ಅನ್ನಿಸಿದರೆ ಮಂಗಳೂರಿನವನಿಗೆ 44 ಅನ್ನಿಸುತ್ತದೆ. ನಿನ್ನ ಪತ್ರಿಕೆಯಲ್ಲಿ ರಣಬಿಸಿಲು ಯಾವ ಊರಿಗೆ ಹೋಗುತ್ತದೆ? ಇಲಾಖೆಯ ನಿಯಮ ಕೂಡ ಇಲ್ಲಿ ಏಣಿಯನ್ನೇ ನೆಚ್ಚಿದೆ. ಬಯಲುಸೀಮೆಯಲ್ಲಿ 40, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿದ್ದರೆ ಹೀಟ್‌ವೇವ್. 34ರ ಮಂಗಳೂರು ಆ ಹೆಸರಿಗೆ ಅರ್ಹವೇ ಅಲ್ಲ. ಅದಕ್ಕೆ ‘ಹಾಟ್ ಅಂಡ್ ಹ್ಯುಮಿಡ್’ ಎಂಬ ಬೇರೆ ಎಚ್ಚರಿಕೆ ಇದೆ, 2023ರಿಂದ ಇಲಾಖೆ ಹೀಟ್ ಇಂಡೆಕ್ಸನ್ನೂ ಪ್ರಾಯೋಗಿಕವಾಗಿ ಕೊಡುತ್ತಿದೆ. ಆದರೆ ಶೀರ್ಷಿಕೆಗೆ ಏರುವುದು ಹೀಟ್‌ವೇವ್ ಒಂದೇ.

ಪತ್ರಕರ್ತೆ: ಹಾಗಂತ ಕಲಬುರಗಿಯ ಬಿಸಿಲನ್ನು ಹಗುರ ಮಾಡಬೇಡಿ ಮೇಷ್ಟ್ರೇ. ನಿಮ್ಮ ಅಂಕಿ ನೆರಳಿನ ಪೆಟ್ಟಿಗೆಯದು. ತೊಗರಿ ಹೊಲದಲ್ಲಿ, ರಸ್ತೆಗೆ ಡಾಂಬರು ಹಾಕುವ ಕಡೆ ನೆತ್ತಿಯ ಮೇಲೆ ಸೂರ್ಯ ಇರುತ್ತಾನೆ, ಕಾಲ ಕೆಳಗೆ ಕಾದ ನೆಲ ಇರುತ್ತದೆ. ಒದ್ದೆ ಬುಡ 23 ಎಂದು ನೆಚ್ಚಿ ಕೂತರೆ ಅಲ್ಲಿ ಹೆಣ ಬೀಳುತ್ತದೆ. ಒಂದು ಏಣಿಯನ್ನು ಕಿತ್ತು ಇನ್ನೊಂದು ಏಣಿ ಹಾಕಿದಂತಾಯಿತು.

ಮೇಷ್ಟ್ರು: ನ್ಯಾಯವಾದ ಮಾತು, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಹೀಟ್ ಇಂಡೆಕ್ಸ್ ಕೂಡ ನೆರಳಲ್ಲಿ ಮೆಲ್ಲಗೆ ನಡೆಯುವವನ ಲೆಕ್ಕವೇ. ಬಿಸಿಲಿನಲ್ಲಿ ದುಡಿಯುವವನ ಲೆಕ್ಕ ಹಾಕಿದವರು ಅಮೆರಿಕದ ಸೇನೆಯವರು. 1950ರ ದಶಕದಲ್ಲಿ ಸೌತ್ ಕ್ಯಾರೊಲಿನಾದ ಪ್ಯಾರಿಸ್ ಐಲೆಂಡ್ ತರಬೇತಿ ಶಿಬಿರದಲ್ಲಿ ಹೊಸ ಸೈನಿಕರು ಕವಾಯತಿನಲ್ಲೇ ಕುಸಿದು ಬೀಳುತ್ತಿದ್ದರು. ಅದಕ್ಕೆ ಪರಿಹಾರ ಹುಡುಕುತ್ತಾ ಯಾಗ್ಲೂ ಮತ್ತು ಮಿನಾರ್ಡ್ ಎಂಬ ಸಂಶೋಧಕರು 1957ರಲ್ಲಿ ಮೂರು ಅಳತೆಗಳನ್ನು ಕೂಡಿಸಿದ ಲೆಕ್ಕವನ್ನು ಪ್ರಕಟಿಸಿದರು. ಬಿಸಿಲಿನಲ್ಲಿಟ್ಟ ಒದ್ದೆ ಬುಡಕ್ಕೆ ಹತ್ತರಲ್ಲಿ ಏಳು ಪಾಲು. ಬಿಸಿಲಲ್ಲಿ ನೇತುಹಾಕಿದ ಕಪ್ಪು ಬಳಿದ ತಾಮ್ರದ ಗೋಳದೊಳಗಿನ ತಾಪಕ್ಕೆ ಎರಡು ಪಾಲು, ಅದು ಸೂರ್ಯನ ಮತ್ತು ಕಾದ ನೆಲದ ಲೆಕ್ಕ. ಉಳಿದ ಒಂದು ಪಾಲು ಮಾಮೂಲಿ ತಾಪಮಾನಕ್ಕೆ. ಎಂದರೆ ನಾವು ದಿನಾ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕುವ ಅಂಕಿಗೆ ದುಡಿಯುವ ಮೈಯ ಲೆಕ್ಕದಲ್ಲಿ ಹತ್ತರಲ್ಲಿ ಒಂದೇ ಪಾಲು! ಸೈನಿಕರಿಗೆ ಅವರು ಈ ಗಣಿತ ಹೇಳಲು ಹೋಗಲಿಲ್ಲ. ಕಂಬಕ್ಕೆ ಬಾವುಟ ಕಟ್ಟಿದರು. ಹಸಿರು, ಹಳದಿ, ಕೆಂಪು, ಕೊನೆಗೆ ಕಪ್ಪು. ಕಪ್ಪು ಏರಿತೆಂದರೆ ಕವಾಯತು ಬಂದ್. ಸೆಕೆಯನ್ನು ಕುರಿತು ಇಂಗ್ಲಿಷ್ ಲೋಕ ಹೇಳಿದ ಅತ್ಯಂತ ಉಪಯುಕ್ತ ಮಾತು ನನ್ನ ಮಟ್ಟಿಗೆ ಆ ಕಪ್ಪು ಬಾವುಟ. ಅದರಲ್ಲಿ ವಿಶೇಷಣವಿಲ್ಲ, ಆಜ್ಞೆ ಇದೆ.

ಪತ್ರಕರ್ತೆ: ಆ ಲೆಕ್ಕದಲ್ಲಿ ನಮ್ಮ ಸರ್ಕಾರವೂ ಒಂದು ಒಳ್ಳೆಯ ಮಾತು ಹೇಳಿದೆ. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದಲ್ಲಿ, ಬೆಳಗಾವಿ ವಿಭಾಗದ ಕೆಲವು ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಆದೇಶ ಬರುತ್ತದೆ.

ಮೇಷ್ಟ್ರು: ಹೌದು, ಒಂದೂ ವಿಶೇಷಣವಿಲ್ಲದ ಆದೇಶ. ಅದು ಫ್ಯಾನಿನ ಕೆಳಗಿನವರಿಗೆ ಅನ್ವಯಿಸುತ್ತದೆ, ಡಾಂಬರಿನವರಿಗಲ್ಲ ಎಂಬುದು ಬೇರೆ ಮಾತು.

ಪತ್ರಕರ್ತೆ: ಲಂಡನ್ನಿನಲ್ಲಿ ಮೂರು ದಿನ 28 ಡಿಗ್ರಿ ಆದರೆ ಹೀಟ್‌ವೇವ್ ಅನ್ನುತ್ತಾರೆ, ನಮ್ಮ ಓದುಗರು ಅದನ್ನು ಓದಿ ನಗುತ್ತಾರೆ. ಅಲ್ಲಿ ಮಾತು ಉಬ್ಬಿದೆಯೋ ಇಲ್ಲಿ ನಾವು ಕಲ್ಲಾಗಿದ್ದೇವೋ?

ಮೇಷ್ಟ್ರು: ಬ್ರಿಟನ್ನಿನ ಹವಾಮಾನ ಕಚೇರಿ ಜಿಲ್ಲೆಗೊಂದು ಮಿತಿ ಇಟ್ಟಿದೆ, 25ರಿಂದ 28ರವರೆಗೆ. ಮಿತಿ ಊರಿಗೆ ತಕ್ಕಂತೆ ಇರಬೇಕಾದದ್ದೇ. ಅವರ ಮನೆಗಳು ಬಿಸಿಯನ್ನು ಹಿಡಿದಿಡಲು ಕಟ್ಟಿದವು, ಹೆಚ್ಚಿನ ಮನೆಗಳಲ್ಲಿ ಫ್ಯಾನಿನ ಕೊಕ್ಕೆಯೂ ಇಲ್ಲ, ಅವರ ಮೈ ಪಳಗಿಲ್ಲ. ನಗುವವರು ಏಣಿಯ ಮೇಲೆ ನಿಂತು ಕೆಳಗಿನವರನ್ನು ನೋಡುತ್ತಿದ್ದಾರೆ. 40 ಕಂಡವನಿಗೆ 28 ಹಾಸ್ಯ, 45 ಕಂಡ ರಾಯಚೂರಿನವನಿಗೆ 38ರ ಬೆಂಗಳೂರು ಹಾಸ್ಯ. ಈ ಪಂದ್ಯದಲ್ಲಿ ಗೆದ್ದವರಿಗೆ ಬಹುಮಾನವೇನೂ ಇಲ್ಲ. ಸ್ಪೇನಿನ ಸೆವಿಲ್ಯಾ ನಗರದವರು 2022ರಲ್ಲಿ ಬಿಸಿಗಾಳಿಗೆ ಬಿರುಗಾಳಿಗಿಡುವ ಹಾಗೆ ಜೋಯಿ ಎಂಬ ಹೆಸರನ್ನೇ ಇಟ್ಟರು. ಅದರಿಂದ ಎಷ್ಟು ಉಪಯೋಗವಾದೀತೋ ನನಗೆ ಅನುಮಾನ, ಆದರೆ ಅವರ ಹೆಸರಿನ ಹಿಂದೆ ರಾತ್ರಿಯ ತಾಪ, ತೇವ, ನಿರೀಕ್ಷಿತ ಸಾವಿನ ಲೆಕ್ಕ ಇತ್ತು ಎಂಬುದನ್ನು ಮೆಚ್ಚಬೇಕು.

ಪತ್ರಕರ್ತೆ: ಕನ್ನಡವೇನು ಸಾಚಾ? ಬಿಸಿಲು ಹೊಡೆಯಿತು, ಝಳ ಬಡಿಯಿತು ಅಂತ ನಾವೂ ಹೇಳುತ್ತೇವೆ. ಅದೂ ಸೂರ್ಯನ ಏಟೇ.

ಮೇಷ್ಟ್ರು: ಸಾಚಾ ಅಂತ ನಾನೆಲ್ಲಿ ಹೇಳಿದೆ? ಆದರೆ ಝಳ, ಸೆಕೆ ಎರಡೂ ನಮ್ಮ ಬಾಯಲ್ಲಿ ಜೀವಂತ ಇವೆ. ಬಯಲಲ್ಲಿ ಮುಖಕ್ಕೆ ರಾಚುವುದು ಝಳ, ಕರಾವಳಿಯಲ್ಲಿ ನೆರಳಿಗೆ ಬಂದರೂ ಬಿಡದ್ದು ಸೆಕೆ. ಉಡುಪಿಯವರು 33 ಡಿಗ್ರಿಗೆ ‘ಎಂಥ ಸೆಕೆ ಮಾರಾಯ್ರೆ’ ಅನ್ನುವಾಗ ಬಿಸಿಲಿನ ಹೆಸರೇ ಎತ್ತುವುದಿಲ್ಲ, ಗಮನಿಸಿದ್ದೀಯಾ? ಎಂಥ ಬಿಸಿ ಎಂಬುದನ್ನು ಹೇಳುವ ಮಾತು ಮನೆಯಲ್ಲೇ ಇದ್ದೂ, ಇಂಗ್ಲಿಷ್ ವರದಿಯ ಏಣಿಗೆ ಹೊಂದಿಸಲು ಇಬ್ಬರಿಗೂ ರಣಬಿಸಿಲು ಹಂಚುತ್ತೀರಿ. ನನ್ನ ತಕರಾರು ಅದು.

ಪತ್ರಕರ್ತೆ: ಪುಟದಲ್ಲಿ ಜಾಗದ ಕಷ್ಟ ನಿಮಗೆ ಗೊತ್ತಿಲ್ಲ. ಹವಾಮಾನದ ಪೆಟ್ಟಿಗೆ ಅಂಗೈಯಷ್ಟು. ಗರಿಷ್ಠ ದಪ್ಪಕ್ಷರದಲ್ಲಿ, ಕನಿಷ್ಠ ಅದರ ಕೆಳಗೆ. ತೇವಾಂಶದ ಸಾಲು ಮೂಲೆಯಲ್ಲಿರುತ್ತದೆ. ಜಾಹೀರಾತು ಬಂದರೆ ಮೊದಲು ಹಾರುವುದು ಅದೇ.

ಮೇಷ್ಟ್ರು: ಶೀರ್ಷಿಕೆಯಿಂದ ರಣಬಿಸಿಲು ತೆಗೆದರೆ ಐದಾರು ಅಕ್ಷರದ ಜಾಗ ಸಿಗುತ್ತದಲ್ಲ. ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ರಾತ್ರಿ ಎಷ್ಟಕ್ಕೆ ಇಳಿಯುತ್ತದೆ, ಬೆವರು ಆರುತ್ತದೋ ಇಲ್ಲವೋ. ಇವು ಮೂರು ಬರಲಿ.

ಪತ್ರಕರ್ತೆ: ಕಲಬುರಗಿ ಆವೃತ್ತಿಯವರು ರಣಬಿಸಿಲು ಬಿಟ್ಟುಕೊಡುವುದಿಲ್ಲ, ಅದು ಅವರಿಗೆ ಒಂಥರಾ ಅಭಿಮಾನ. ಮಂಗಳೂರು ಆವೃತ್ತಿಯಲ್ಲಿ ಬೇಕಾದರೆ ಪ್ರಯತ್ನಿಸಿ ನೋಡಬಹುದು. ಅಲ್ಲಿ ಇವತ್ತು 34 ಇದೆ, ಹಾಗಾಗಿ ಸುದ್ದಿಯೇ ಇಲ್ಲ ಅಂತ ಆ ಪುಟ ಖಾಲಿ ಬಿಟ್ಟಿದ್ದರು. ತೇವಾಂಶ ಎಷ್ಟು ಅಂತ ಕೇಳಿ ನೋಡುತ್ತೇನೆ.